ಗೆರೆಯಾಚೆ ಕುಳಿತವರು



ಕುಂದಾಪುರ ಸೀಮೆಯಲ್ಲಿ ‘ಆಟ’ ಎಂಬ ಮಾತಿಗೆ ಎರಡು ಅರ್ಥ. ‘ಇವತ್ತು ಆಟ ಎಲ್ಲಿ?’ ಎಂದು ಹಿರಿಯರು ಕೇಳಿದರೆ ಅದು ಯಕ್ಷಗಾನ ಮೇಳದ ಆಟ. ಹುಡುಗರು ಕೇಳಿದರೆ ಕೊಯ್ಲು ಮುಗಿದ ಗದ್ದೆಯಲ್ಲೋ ಗಾಂಧಿ ಮೈದಾನದಲ್ಲೋ ಹೊನಲು ಬೆಳಕಿನಲ್ಲಿ ನಡೆಯುವ ಕ್ರಿಕೆಟ್ ಪಂದ್ಯಾಟ. ಮೇಳದ ಆಟವನ್ನು ರಾತ್ರಿಯುದ್ದಕ್ಕೂ ನಡೆಸುವವರು ಭಾಗವತರು. ತಾಳ ಹಿಡಿದು ರಂಗಸ್ಥಳದಲ್ಲೇ, ಎಲ್ಲರ ಕಣ್ಣಿಗೆ ಬೀಳುವಂತೆ ಕುಳಿತಿರುತ್ತಾರೆ. ವೇಷಧಾರಿಯ ಕುಣಿತ ಸಡಿಲವಾದರೆ ಪದ್ಯದ ಓಟ ಬದಲಿಸಿ ಪ್ರಸಂಗವನ್ನು ಎತ್ತಿ ನಿಲ್ಲಿಸುತ್ತಾರೆ. ಕ್ರಿಕೆಟ್ ತರಬೇತುದಾರನಿಗೆ ಆ ಭಾಗ್ಯವಿಲ್ಲ. ಪಂದ್ಯ ಶುರುವಾಯಿತೆಂದರೆ ಅವನ ಜಾಗ ಬೌಂಡರಿ ಗೆರೆಯ ಆಚೆ. ಕಲಿಸಿದ್ದನ್ನೆಲ್ಲ ಕಲಿಸಿಯಾಗಿದೆ, ಇನ್ನು ನೋಡುವುದಷ್ಟೇ ಉಳಿದಿದೆ. ಸೋತರೆ ಮಾತ್ರ ಮರುದಿನದ ಪತ್ರಿಕೆಯಲ್ಲಿ ಮೊದಲು ಬರುವ ಹೆಸರುಗಳಲ್ಲಿ ಅವನದೂ ಒಂದು.

ಇಂದಿನ ಉಪನ್ಯಾಸ ಅಂಥ ಒಬ್ಬರ ಕುರಿತು. ರಾಹುಲ್ ದ್ರಾವಿಡ್ ಅವರ ಬ್ಯಾಟಿಂಗ್ ಬಗ್ಗೆ ಈ ಸಭೆಗೆ ಹೊಸದಾಗಿ ಹೇಳಬೇಕಾದ್ದು ಕಡಿಮೆ. 164 ಟೆಸ್ಟ್, 13,288 ರನ್, 36 ಶತಕ ಎಂಬ ಲೆಕ್ಕ ಇಲ್ಲಿನ ಅನೇಕರಿಗೆ ಬಾಯಿಪಾಠ. ಅವರು ತಂಡ ನಡೆಸಿದ ಬದುಕು, ಅಂದರೆ ನಾಯಕನಾಗಿ ಉಂಡ ಸೋಲು, ಕಿರಿಯರೊಡನೆ ಕಳೆದ ವರ್ಷಗಳು, ಭಾರತ ತಂಡದ ಮುಖ್ಯ ತರಬೇತುದಾರನಾಗಿ ಕಂಡ ಏಳುಬೀಳು, ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಮೊದಲು 2007ರ ಕಥೆ, ಆಮೇಲೆ ಕಿರಿಯರ ತಂಡದ ಕಥೆ, ನಡುವೆ ಅರ್ಜೆಂಟೀನಾದ ಫುಟ್‌ಬಾಲ್ ಗುರುವೊಬ್ಬರ ಪ್ರಸ್ತಾಪ, ಕೊನೆಗೆ 2021ರಿಂದ 2025ರವರೆಗಿನ ದಿನಗಳು. ಹೀಗೆ ಮುಂದುವರಿಯೋಣ.

ಇಂದೋರಿನಲ್ಲಿ 1973ರ ಜನವರಿ 11ರಂದು ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ದ್ರಾವಿಡ್ 2005ರ ಅಕ್ಟೋಬರಿನಲ್ಲಿ ಭಾರತ ತಂಡದ ನಾಯಕರಾದರು. ಆರಂಭ ಚೆನ್ನಾಗಿತ್ತು. ಗುರಿ ಬೆನ್ನಟ್ಟುವಾಗ ಎಡವುತ್ತದೆ ಎಂಬ ಹೆಸರು ಪಡೆದಿದ್ದ ತಂಡ ಅವರ ನಾಯಕತ್ವದಲ್ಲಿ ಸತತವಾಗಿ ಹಲವು ಏಕದಿನ ಪಂದ್ಯಗಳನ್ನು ಬೆನ್ನಟ್ಟಿಯೇ ಗೆದ್ದಿತು. 2006ರಲ್ಲಿ ವೆಸ್ಟ್ ಇಂಡೀಸ್ ನೆಲದಲ್ಲಿ ಟೆಸ್ಟ್ ಸರಣಿ ಗೆಲುವು ಬಂತು. 1971ರ ಅಜಿತ್ ವಾಡೇಕರ್ ತಂಡದ ನಂತರ ಅಲ್ಲಿ ಸರಣಿ ಗೆದ್ದ ಮೊದಲಿಗರು ಇವರೇ. ಅದೇ ವರ್ಷದ ಡಿಸೆಂಬರಿನಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಭಾರತ ದಕ್ಷಿಣ ಆಫ್ರಿಕಾದ ನೆಲದ ಮೊದಲ ಟೆಸ್ಟ್ ಗೆಲುವು ಕಂಡಿತು.

ಆಮೇಲೆ 2007ರ ಮಾರ್ಚ್ ಬಂತು. ಪೋರ್ಟ್ ಆಫ್ ಸ್ಪೇನ್‌ನಲ್ಲಿ ಬಾಂಗ್ಲಾದೇಶದ ಎದುರು ಭಾರತ 191ಕ್ಕೆ ಆಲೌಟ್ ಆಗಿ 5 ವಿಕೆಟ್‌ಗಳಿಂದ ಸೋತಿತು. ಬರ್ಮುಡಾ ವಿರುದ್ಧ 413 ರನ್ ಬಾರಿಸಿದ್ದು ಉಪಯೋಗಕ್ಕೆ ಬರಲಿಲ್ಲ. ಮಾರ್ಚ್ 23ರಂದು ಶ್ರೀಲಂಕಾ ಎದುರೂ ಸೋತು ವಿಶ್ವಕಪ್ಪಿನ ಮೊದಲ ಸುತ್ತಿನಲ್ಲೇ ಹೊರಬಿತ್ತು. ಕೋಚ್ ಗ್ರೆಗ್ ಚಾಪೆಲ್ ನಿರ್ಗಮಿಸಿದರು. ದ್ರಾವಿಡ್ ಓಡಲಿಲ್ಲ. ಆ ಬೇಸಗೆಯಲ್ಲಿ ತಂಡವನ್ನು ಇಂಗ್ಲೆಂಡಿಗೆ ಕರೆದೊಯ್ದು 1986ರ ನಂತರ ಮೊದಲ ಬಾರಿಗೆ ಅಲ್ಲಿ ಟೆಸ್ಟ್ ಸರಣಿ ಗೆದ್ದುಕೊಂಡು ಬಂದರು. ನಾಯಕತ್ವ ಬಿಟ್ಟದ್ದು ಆಮೇಲೆ, ಸೆಪ್ಟೆಂಬರಿನಲ್ಲಿ. ಈ ಕ್ರಮವನ್ನು ನೆನಪಿನಲ್ಲಿಡಬೇಕು. ಸೋಲಿನ ಕೆಸರು ಕಾಲಿಗಿರುವಾಗ ಅವರು ಹೊರಟು ಹೋಗಲಿಲ್ಲ, ಒಂದು ಕೆಲಸ ಮುಗಿಸಿ ಹೊರಟರು. ಹದಿನಾರು ವರ್ಷಗಳ ನಂತರ ಅಹಮದಾಬಾದಿನಲ್ಲಿ ಇದೇ ಪ್ರಶ್ನೆ ಮತ್ತೆ ಅವರ ಮುಂದೆ ಬರಲಿತ್ತು.

ಈಗ ಎರಡನೆಯ ವಿಷಯಕ್ಕೆ ಬರೋಣ. ಈ ಉಪನ್ಯಾಸದ ತಿರುಳು ಇರುವುದು ಇಲ್ಲೇ.

ನಿವೃತ್ತಿಯ ನಂತರ ದ್ರಾವಿಡರಂಥ ಆಟಗಾರನಿಗೆ ಬಾಗಿಲುಗಳು ಬಹಳ ತೆರೆದಿದ್ದವು. 2015ರ ಜೂನಿನಲ್ಲಿ ಅವರು ಒಪ್ಪಿಕೊಂಡದ್ದು ಭಾರತ ‘ಎ’ ಮತ್ತು 19 ವರ್ಷದೊಳಗಿನವರ ತಂಡಗಳ ತರಬೇತಿ. ಟಿವಿ ಕ್ಯಾಮೆರಾಗಳು ಅಪರೂಪಕ್ಕೆ ಬರುವ ಮೈದಾನಗಳ ಕೆಲಸ ಅದು. ಯಕ್ಷಗಾನ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಇರುಳು ಏರುವ ಮೊದಲು ಕೋಡಂಗಿ, ಬಾಲಗೋಪಾಲ ವೇಷ ಕಟ್ಟಿ ಬರುವ ಹುಡುಗರನ್ನು ನೋಡಲು ಜನ ಇನ್ನೂ ಸೇರಿರುವುದಿಲ್ಲ. ಆದರೆ ಹತ್ತು ವರ್ಷದ ನಂತರ ಕಟ್ಟುವೇಷ ಹೊತ್ತು ರಂಗಸ್ಥಳ ಆಳುವವನು ಆ ಹುಡುಗರಲ್ಲೇ ಒಬ್ಬ. ಭಾಗವತ ಗುಂಡ್ಮಿ ಕಾಳಿಂಗ ನಾವಡರ ಕಂಠವನ್ನು ಕರಾವಳಿ ಇಂದಿಗೂ ಮರೆತಿಲ್ಲ. ಆ ಕಂಠದ ಹಿಂದೆ ನಾರಣಪ್ಪ ಉಪ್ಪೂರರ ಪಾಠವಿತ್ತು ಎಂಬುದನ್ನೂ ಇಲ್ಲಿನವರು ಮರೆಯುವುದಿಲ್ಲ.

ದ್ರಾವಿಡ್ ಮೊದಲು ಕೈಹಾಕಿದ್ದು ಅಹಿತವಾದ ಒಂದು ಪ್ರಶ್ನೆಗೆ. 2015ರ ಡಿಸೆಂಬರಿನಲ್ಲಿ ಅವರು ಮನ್ಸೂರ್ ಅಲಿ ಖಾನ್ ಪಟೌಡಿ ಸ್ಮಾರಕ ಉಪನ್ಯಾಸ ಕೊಟ್ಟರು. ಅದೂ ಇಂಥದೇ ಒಂದು ಉಪನ್ಯಾಸ ಮಾಲೆ. ಕಿರಿಯರ ಕ್ರಿಕೆಟ್ಟಿನಲ್ಲಿ ವಯಸ್ಸಿನ ಸುಳ್ಳು ದಾಖಲೆ ಹುಟ್ಟಿಸುವ ಕೇಡಿನ ಬಗ್ಗೆ ಅಲ್ಲಿ ಮುಚ್ಚುಮರೆಯಿಲ್ಲದೆ ಮಾತಾಡಿದರು. ಮುಂದಿನ ವರ್ಷ ಭಾರತೀಯ ಕ್ರಿಕೆಟ್ ಮಂಡಳಿ ಒಂದು ನಿಯಮ ತಂದಿತು: ಒಬ್ಬ ಹುಡುಗ ಆಡಬಹುದಾದ 19 ವರ್ಷದೊಳಗಿನವರ ವಿಶ್ವಕಪ್ ಒಂದೇ. ಅನುಭವಿಗಳನ್ನು ಉಳಿಸಿಕೊಂಡು ಕಪ್ ಗೆಲ್ಲುವ ಸುಲಭದ ದಾರಿ ಇದರಿಂದ ಮುಚ್ಚಿಹೋಯಿತು. ಗೆಲ್ಲಬೇಕಾದ ತರಬೇತುದಾರನೇ ತನ್ನ ಕೈಯನ್ನು ಹೀಗೆ ಕಟ್ಟಿಕೊಳ್ಳುವುದು ಸಾಮಾನ್ಯವಲ್ಲ.

ಇನ್ನೊಂದು ನಿಯಮ ಅವರದೇ. ‘ಎ’ ತಂಡದ ಪ್ರವಾಸಕ್ಕೆ ಬಂದವನು ಒಂದು ಪಂದ್ಯವನ್ನೂ ಆಡದೆ ಊರಿಗೆ ಮರಳುವಂತಿರಲಿಲ್ಲ. ಎಳೆಯ ಪ್ರಾಯದಲ್ಲಿ ಅಂಥ ಪ್ರವಾಸಕ್ಕೆ ಹೋಗಿ ಅವಕಾಶ ಸಿಗದೆ ಬಂದ ಕಹಿ ಅವರಿಗೇ ಇತ್ತು. ಏಳೆಂಟು ನೂರು ರನ್ ಹೊಡೆದು ಆಯ್ಕೆಯಾದ ಹುಡುಗ ಪ್ರವಾಸದಲ್ಲಿ ಬೆಂಚು ಕಾದರೆ, ಮುಂದಿನ ವರ್ಷ ಆ ರನ್ನುಗಳನ್ನು ಅವನು ಮತ್ತೆ ಮೊದಲಿನಿಂದ ಹೊಡೆಯಬೇಕು. ಈ ಕಷ್ಟವನ್ನು ಅವರು ಒಂದು ಸಂದರ್ಶನದಲ್ಲಿ ಬಿಡಿಸಿ ಹೇಳಿದ್ದಾರೆ. ಊರಿನ ಪಂದ್ಯಾಟಗಳಿಗೆ ಹನ್ನೆರಡನೆಯವನಾಗಿ ಹೋಗಿ ನೀರಿನ ಬಾಟಲಿ ಹೊತ್ತು ಬಂದ ಎಷ್ಟೋ ಮಂದಿ ಈ ಸಭೆಯಲ್ಲೂ ಇದ್ದಾರು. ಅವರಿಗೆ ಈ ನಿಯಮದ ಬೆಲೆ ಗೊತ್ತು.

ಫಲ ಕೂಡಲೇ ಕೈಗೆ ಬರಲಿಲ್ಲ. 2016ರ ಫೆಬ್ರವರಿ 14ರಂದು ಮೀರ್‌ಪುರದಲ್ಲಿ 19ರ ವಿಶ್ವಕಪ್ ಫೈನಲ್. ಇಶಾನ್ ಕಿಶನ್ ನಾಯಕ, ತಂಡದಲ್ಲಿ ರಿಷಭ್ ಪಂತ್, ವಾಷಿಂಗ್ಟನ್ ಸುಂದರ್. 145ಕ್ಕೆ ಆಲೌಟಾಗಿ ವೆಸ್ಟ್ ಇಂಡೀಸಿಗೆ ಸೋತರು. ಎರಡು ವರ್ಷದ ನಂತರ ನ್ಯೂಜಿಲೆಂಡಿನ ಮೌಂಟ್ ಮಾಂಗನುಯಿಯಲ್ಲಿ ಪೃಥ್ವಿ ಶಾ ನಾಯಕತ್ವದ ತಂಡ ಆಸ್ಟ್ರೇಲಿಯಾವನ್ನು 8 ವಿಕೆಟ್‌ಗಳಿಂದ ಮಣಿಸಿ ಕಪ್ ಎತ್ತಿತು. ಶುಭಮನ್ ಗಿಲ್ ಟೂರ್ನಿಯ ಶ್ರೇಷ್ಠ ಆಟಗಾರ.

ಮಂಡಳಿ ಬಹುಮಾನ ಘೋಷಿಸಿತು: ಮುಖ್ಯ ತರಬೇತುದಾರನಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ. ದ್ರಾವಿಡ್ ಒಪ್ಪಲಿಲ್ಲ. ಕೊನೆಗೆ ಎಲ್ಲರಿಗೂ 25 ಲಕ್ಷವೆಂದಾಯಿತು. ತಮ್ಮ ಪಾಲಿನ ಅರ್ಧ ಬಿಟ್ಟುಕೊಟ್ಟು ಅವರು ಆ ಸಮಾನತೆಯನ್ನು ಕೊಂಡರು. ಹಿಮ್ಮೇಳವಿಲ್ಲದೆ ಮುಮ್ಮೇಳವಿಲ್ಲ ಎಂದು ಬಲ್ಲ ನಾಡಿಗೆ ಇದರ ಅರ್ಥ ತಾನಾಗಿ ಆಗುತ್ತದೆ.

ಆ ವರ್ಷಗಳ ಬಿತ್ತನೆಗೆ ನಿಜವಾದ ಕೊಯ್ಲು 2021ರ ಜನವರಿ 19ರಂದು ಬ್ರಿಸ್ಬೇನಿನ ಟೆಸ್ಟಿನಲ್ಲಿ. ಗಾಯದಿಂದ ಹಲವು ಹಿರಿಯರು ಹೊರಗಿದ್ದಾಗ 328ರ ಗುರಿ ಮುಟ್ಟಿದವರಲ್ಲಿ ಗಿಲ್ 91, ಪಂತ್ ಅಜೇಯ 89. ದೇಶವೆಲ್ಲ ದ್ರಾವಿಡರ ಹೆಸರು ಹೇಳಿತು. ಅವರೋ ಅದು ತನಗೆ ಸಲ್ಲದ ಹೊಗಳಿಕೆ, ಆಡಿದವರು ಹುಡುಗರು ಎಂದು ದೂರ ಸರಿದರು.

ಇಲ್ಲಿ ಸ್ವಲ್ಪ ಹೊತ್ತು ಕಡಲಾಚೆಗೆ ಹೋಗಿ ಬರೋಣ.

ಅರ್ಜೆಂಟೀನಾದ ರೊಸಾರಿಯೊ ನಗರದಲ್ಲಿ ನ್ಯೂವೆಲ್ಸ್ ಓಲ್ಡ್ ಬಾಯ್ಸ್ ಎಂಬ ಕ್ಲಬ್ಬಿದೆ. ಲಯೊನೆಲ್ ಮೆಸ್ಸಿ ಬಾಲ್ಯದಲ್ಲಿ ಆಡಿದ ಕ್ಲಬ್ ಅದು. ಅದರ ಕ್ರೀಡಾಂಗಣಕ್ಕೆ ಇರುವ ಹೆಸರು ಮಾತ್ರ ತರಬೇತುದಾರನೊಬ್ಬನದು, ಮಾರ್ಸೆಲೊ ಬಿಯೆಲ್ಸಾ. 1955ರಲ್ಲಿ ಹುಟ್ಟಿದ ಬಿಯೆಲ್ಸಾ ಆಟಗಾರನಾಗಿ ಹೆಚ್ಚು ಬೆಳೆಯಲಿಲ್ಲ. ತರಬೇತುದಾರನಾಗಿ ಮಾತ್ರ ಅವರು ಏರಿದ ಏರಿಗೂ ಬಿದ್ದ ಬೀಳಿಗೂ ಲೆಕ್ಕವಿಲ್ಲ. 2002ರ ವಿಶ್ವಕಪ್ಪಿಗೆ ಅವರ ಅರ್ಜೆಂಟೀನಾ ತನ್ನ ಖಂಡದ ಅರ್ಹತಾ ಸುತ್ತಿನಲ್ಲಿ ಮೊದಲ ಸ್ಥಾನ ಪಡೆದು ಹೋಗಿತ್ತು. ನೈಜೀರಿಯಾವನ್ನು ಸೋಲಿಸಿ, ಇಂಗ್ಲೆಂಡಿಗೆ ಸೋತು, ಸ್ವೀಡನ್ ಜತೆ 1-1ರಲ್ಲಿ ನಿಂತು ಗುಂಪು ಹಂತದಲ್ಲೇ ಮನೆಗೆ ಬಂತು. ದ್ರಾವಿಡರ 2007 ಅದು. ಬಿಯೆಲ್ಸಾ ಕೂಡ ಆ ಹೊತ್ತಿಗೆ ಬಿಟ್ಟು ಹೋಗಲಿಲ್ಲ. ಎರಡು ವರ್ಷದ ನಂತರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅವರ ತಂಡ ಆರು ಪಂದ್ಯಗಳಲ್ಲಿ ಒಂದು ಗೋಲನ್ನೂ ಬಿಟ್ಟುಕೊಡದೆ ಚಿನ್ನ ಗೆದ್ದಿತು. ಫುಟ್‌ಬಾಲಿನಲ್ಲಿ ಅರ್ಜೆಂಟೀನಾಕ್ಕೆ ಒಲಿಂಪಿಕ್ಸ್ ಚಿನ್ನ ಬಂದದ್ದು ಅದೇ ಮೊದಲು.

ಆಮೇಲಿನ ದಾರಿಯೂ ಹಾಗೇ ಹತ್ತಿಳಿಯಿತು. 2012ರಲ್ಲಿ ಸ್ಪೇನಿನ ಅಥ್ಲೆಟಿಕ್ ಬಿಲ್ಬಾವೊ ತಂಡವನ್ನು ಎರಡು ಫೈನಲ್‌ಗಳಿಗೆ ಒಯ್ದು ಎರಡರಲ್ಲೂ ಸೋತರು. ಇಟಲಿಯ ಲಾಜಿಯೊ ಕ್ಲಬ್ಬಿನ ಹೊಣೆಯನ್ನು 2016ರಲ್ಲಿ ಎರಡೇ ದಿನದಲ್ಲಿ ಬಿಟ್ಟರು. ಇಂಗ್ಲೆಂಡಿನ ಲೀಡ್ಸ್ ತಂಡವನ್ನು 2020ರಲ್ಲಿ, 16 ವರ್ಷಗಳ ಕಾಯುವಿಕೆಯ ನಂತರ, ಮೇಲಿನ ಲೀಗಿಗೆ ಏರಿಸಿದರು. 2022ರ ಫೆಬ್ರವರಿಯಲ್ಲಿ ಅದೇ ಲೀಡ್ಸ್ ಅವರನ್ನು ಕಳಿಸಿಕೊಟ್ಟಿತು. ಆದರೂ ಆ ಊರಿನ ಗೋಡೆಗಳ ಮೇಲೆ ಅವರ ದೊಡ್ಡ ಚಿತ್ರಗಳಿವೆ. ಕಾರಣವಿದೆ. 2019ರ ಏಪ್ರಿಲಿನಲ್ಲಿ ಆಸ್ಟನ್ ವಿಲ್ಲಾ ತಂಡದ ಒಬ್ಬ ಗಾಯಗೊಂಡು ಬಿದ್ದಿದ್ದಾಗ ಲೀಡ್ಸ್ ಗೋಲು ಹೊಡೆಯಿತು. ಬಿಯೆಲ್ಸಾ ತನ್ನ ಆಟಗಾರರಿಗೆ ಸರಿದು ನಿಲ್ಲಲು ಹೇಳಿ, ಎದುರಾಳಿಗೆ ಸಮಬಲದ ಗೋಲು ಹಾಕಿಕೊಳ್ಳಲು ಬಿಟ್ಟರು. ಮೇಲಿನ ಲೀಗಿಗೆ ಏರುವ ಪೈಪೋಟಿಯ ನಡುವೆ ನಡೆದದ್ದು ಇದು. ಟಿಕೆಟಿನ ಹಣ ದುಡಿಯಲು ಅಭಿಮಾನಿ ಎಷ್ಟು ಗಂಟೆ ಕೆಲಸ ಮಾಡಬೇಕೆಂದು ಲೆಕ್ಕ ಹಾಕಿಸಿ, ಅಷ್ಟು ಹೊತ್ತು ಆಟಗಾರರ ಕೈಯಿಂದ ಮೈದಾನದ ಸುತ್ತಲಿನ ಕಸ ಹೆಕ್ಕಿಸಿದರೆಂಬ ವರದಿಯೂ ಇದೆ.

ಈ ಕಥೆ ಕೇಳಿದಾಗ 2021ರ ನವೆಂಬರಿನ ಕಾನ್ಪುರ ನೆನಪಾಗದೆ ಇರದು. ಹೀಗೆ ಕೊನೆಯ ವಿಷಯಕ್ಕೆ ಪ್ರವೇಶ ಸಿಗುತ್ತದೆ.

ರವಿ ಶಾಸ್ತ್ರಿಯವರ ನಂತರ ದ್ರಾವಿಡ್ ಮುಖ್ಯ ತರಬೇತುದಾರರಾದ ಮೇಲೆ ಮೊದಲ ಟೆಸ್ಟ್ ನಡೆದದ್ದು ಕಾನ್ಪುರದಲ್ಲಿ, ನ್ಯೂಜಿಲೆಂಡ್ ವಿರುದ್ಧ. ಗೆಲುವಿಗೆ ಒಂದೇ ವಿಕೆಟ್ ಬಾಕಿ. ಎದುರಿಗೆ ರಚಿನ್ ರವೀಂದ್ರ, ಬೆಂಗಳೂರು ಮೂಲದ ತಂದೆತಾಯಿಯ ಮಗ. 91 ಚೆಂಡು ಎದುರಿಸಿ 18 ರನ್ನಿನೊಡನೆ ಅವರು ಗೋಡೆಯಂತೆ ನಿಂತರು. ಅಜಾಜ್ ಪಟೇಲ್ ಜತೆಗೂಡಿ ಕೊನೆಯ 52 ಚೆಂಡುಗಳನ್ನು ತಡೆದು ಪಂದ್ಯ ಡ್ರಾ ಮಾಡಿದರು. ಕೈಗೆ ಬಂದದ್ದು ಜಾರಿದ ಆ ಸಂಜೆ ದ್ರಾವಿಡ್ ಮೈದಾನದ ಸಿಬ್ಬಂದಿಗೆ 35,000 ರೂಪಾಯಿ ಕೊಟ್ಟರು. ಐದೂ ದಿನ ಜೀವಂತವಾಗಿದ್ದ ಪಿಚ್ ಮಾಡಿದ್ದಕ್ಕೆ.

ಆದರೆ ಒಳ್ಳೆಯತನದಿಂದ ಪಂದ್ಯ ಗೆಲ್ಲುವುದಿಲ್ಲ. ಮುಂದಿನ ಎರಡು ವರ್ಷಗಳ ಲೆಕ್ಕವನ್ನು ನೇರವಾಗಿಯೇ ಹೇಳಬೇಕು. ದಕ್ಷಿಣ ಆಫ್ರಿಕಾದಲ್ಲಿ ಸೆಂಚುರಿಯನ್ ಗೆದ್ದರೂ ಟೆಸ್ಟ್ ಸರಣಿ 1-2ರಿಂದ ಹೋಯಿತು, ಏಕದಿನ ಸರಣಿ 0-3. 2022ರ ನವೆಂಬರ್ 10ರಂದು ಅಡಿಲೇಡಿನ ಟಿ20 ವಿಶ್ವಕಪ್ ಸೆಮಿಫೈನಲ್‌ನಲ್ಲಿ ಭಾರತದ 168ನ್ನು ಇಂಗ್ಲೆಂಡ್ ಒಂದೂ ವಿಕೆಟ್ ಕಳೆದುಕೊಳ್ಳದೆ 16 ಓವರ್‌ಗಳಲ್ಲಿ ದಾಟಿತು. ಅಂದು ಭಾರತ ಮೊದಲ ಆರು ಓವರ್‌ಗಳಲ್ಲಿ ಹೊಡೆದದ್ದು 38. ಅಂಜಿಕೆಯ ಆಟ ಅದು, ಅದರ ಹೊಣೆ ತರಬೇತುದಾರನಿಗೂ ಇದೆ. 2023ರ ಜೂನಿನಲ್ಲಿ ಓವಲ್‌ನ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್‌ನಿಂದ ರವಿಚಂದ್ರನ್ ಅಶ್ವಿನ್ ಅವರನ್ನು ಹೊರಗಿಟ್ಟದ್ದು ತಪ್ಪೆಂದೇ ಹೇಳಬೇಕಾಗುತ್ತದೆ. ಭಾರತ 209 ರನ್‌ಗಳಿಂದ ಸೋತಿತು.

ಈ ಸಂದರ್ಭದಲ್ಲಿ ಇನ್ನೊಬ್ಬ ಕನ್ನಡಿಗನ ನೆನಪು ತರುವುದು ಅಗತ್ಯ. ಅನಿಲ್ ಕುಂಬ್ಳೆಯವರ ಮನೆತನದ ಹೆಸರು ಬಂದದ್ದು ಇದೇ ಕರಾವಳಿಯ ತೆಂಕಣ ತುದಿಯ ಕಾಸರಗೋಡಿನ ಕುಂಬಳೆಯಿಂದ. 2016ರ ಜೂನಿನಿಂದ ಒಂದು ವರ್ಷ ಅವರು ಭಾರತದ ತರಬೇತುದಾರ. 17 ಟೆಸ್ಟ್‌ಗಳಲ್ಲಿ 12 ಗೆಲುವು, 4 ಡ್ರಾ, ಪುಣೆಯಲ್ಲಿ ಒಂದೇ ಸೋಲು. ಚಾಂಪಿಯನ್ಸ್ ಟ್ರೋಫಿ ಫೈನಲ್ ಸೋತ ಎರಡನೆಯ ದಿನ ಅವರು ರಾಜೀನಾಮೆ ಕೊಟ್ಟರು. ತಮ್ಮ ಶೈಲಿಯ ಬಗ್ಗೆ ನಾಯಕನಿಗೆ ಆಕ್ಷೇಪವಿದೆಯೆಂದು ತಿಳಿಸಲಾಯಿತು ಎಂದು ಹೇಳಿಕೆಯಲ್ಲೇ ಬರೆದರು. ಅಂಕಿಗಳಲ್ಲಿ ಅಷ್ಟು ಗೆದ್ದವರು ಹೋಗಬೇಕಾಯಿತು, ಸೋಲಿನ ಮೇಲೆ ಸೋಲು ಕಂಡವರು ಉಳಿದರು. ಭಾಗವತರ ಪದ್ಯಕ್ಕೂ ವೇಷಧಾರಿಯ ಹೆಜ್ಜೆಗೂ ಹೊಂದಿಕೆ ಬರಬೇಕಾದ ಹಾಗೆ, ತರಬೇತುದಾರನ ಬಾಳು ನಾಯಕನೊಡನೆ ಕೂಡಿಬರಬೇಕು. ದ್ರಾವಿಡ್ ಮತ್ತು ರೋಹಿತ್ ಶರ್ಮಾ ನಡುವೆ ಅದು ಕೂಡಿಬಂತು.

2023ರ ಏಕದಿನ ವಿಶ್ವಕಪ್ಪಿನಲ್ಲಿ ಅಡಿಲೇಡಿನ ಅಂಜಿಕೆ ಇರಲಿಲ್ಲ. ರೋಹಿತ್ ಮೊದಲ ಓವರಿನಿಂದಲೇ ಹೊಡೆದರು. ಮಂಗಳೂರಿನಲ್ಲಿ ಬೆಳೆದ ಕೆ.ಎಲ್. ರಾಹುಲ್ ಕೀಪರ್ ಆಗಿ, ಐದನೆಯ ಕ್ರಮಾಂಕದಲ್ಲಿ ನೆಲೆ ಕಂಡರು. ಸತತ ಹತ್ತು ಗೆಲುವು. ಹನ್ನೊಂದನೆಯ ಪಂದ್ಯ, ಫೈನಲ್, ನವೆಂಬರ್ 19ರಂದು ಅಹಮದಾಬಾದಿನಲ್ಲಿ. ನಿಧಾನದ ಪಿಚ್ಚಿನಲ್ಲಿ ಮೊದಲ ಹತ್ತು ಓವರ್ ಕಳೆದ ಮೇಲೆ ಉಳಿದ ಇನಿಂಗ್ಸಿನಲ್ಲಿ ಬಂದ ಬೌಂಡರಿ ನಾಲ್ಕೇ. ರಾಹುಲ್ ಅವರ 66 ರನ್‌ಗೆ 107 ಚೆಂಡು ಹಿಡಿಯಿತು. ಭಾರತ 240. ಆಸ್ಟ್ರೇಲಿಯಾದ ಟ್ರಾವಿಸ್ ಹೆಡ್ 137 ಹೊಡೆದು ಮುಗಿಸಿಬಿಟ್ಟರು.

ಅಲ್ಲಿಗೆ ದ್ರಾವಿಡರ ಒಪ್ಪಂದವೂ ಮುಗಿದಿತ್ತು. ಹೋಗಿಬಿಡುವ ಮನಸ್ಸಿನಲ್ಲಿದ್ದವರಿಗೆ ರೋಹಿತ್ ಫೋನ್ ಮಾಡಿ ಇನ್ನೂ ಸ್ವಲ್ಪ ಕಾಲ ಇರಿ ಎಂದು ಕೇಳಿಕೊಂಡರು. ಈ ಕರೆಯ ಸಂಗತಿ ಹೊರಬಿದ್ದದ್ದು ಏಳು ತಿಂಗಳ ನಂತರ, ದ್ರಾವಿಡ್ ಡ್ರೆಸ್ಸಿಂಗ್ ರೂಮಿನ ಬೀಳ್ಕೊಡುಗೆ ಮಾತಿನಲ್ಲಿ ನಾಯಕನಿಗೆ ಧನ್ಯವಾದ ಹೇಳಿದಾಗ. ಒಂದು ವಿಶ್ವಕಪ್ ಫೈನಲ್ ಒಟ್ಟಿಗೆ ಸೋತ ಇಬ್ಬರಲ್ಲಿ ಒಬ್ಬ ಇನ್ನೊಬ್ಬನನ್ನು ‘ಬಿಟ್ಟು ಹೋಗಬೇಡಿ’ ಎಂದು ಕೇಳುವುದು, ಅವನು ಸರಿ ಎನ್ನುವುದು, ಈ ಇಡೀ ಕಥೆಯಲ್ಲಿ ಅದಕ್ಕಿಂತ ಮುಖ್ಯವಾದ ಗಳಿಗೆ ಇನ್ನೊಂದಿಲ್ಲ.

2024ರ ಜೂನ್ 29, ಬಾರ್ಬಡೋಸಿನ ಬ್ರಿಜ್‌ಟೌನ್. 1997ರ ಮಾರ್ಚಿನಲ್ಲಿ ಇದೇ ಕೆನ್ಸಿಂಗ್ಟನ್ ಓವಲ್ ಮೈದಾನದಲ್ಲಿ 120 ರನ್ನಿನ ಗುರಿ ಎದುರು ಭಾರತ 81ಕ್ಕೆ ಮುದುಡಿತ್ತು. ಆ ತಂಡದಲ್ಲಿ 24ರ ಪ್ರಾಯದ ದ್ರಾವಿಡ್ ಇದ್ದರು. ಟಿ20 ವಿಶ್ವಕಪ್ಪಿನ ಈ ಫೈನಲ್ಲಿಗೆ ಮುನ್ನ ‘ದ್ರಾವಿಡರಿಗಾಗಿ ಗೆಲ್ಲಿ’ ಎಂಬ ಕೂಗು ಎದ್ದಿತ್ತು. ಅದು ತನ್ನ ಸ್ವಭಾವಕ್ಕೆ ಒಗ್ಗದ ಮಾತೆಂದು ಅವರು ಸ್ಪಷ್ಟವಾಗಿ ತಳ್ಳಿಹಾಕಿದರು. ಭಾರತ 176. ದಕ್ಷಿಣ ಆಫ್ರಿಕಾಕ್ಕೆ ಒಂದು ಹಂತದಲ್ಲಿ 30 ಚೆಂಡಿಗೆ 30 ರನ್ ಸಾಕಿತ್ತು, ಆರು ವಿಕೆಟ್ ಕೈಯಲ್ಲಿತ್ತು. ಬುಮ್ರಾ, ಅರ್ಷದೀಪ್, ಹಾರ್ದಿಕ್ ರನ್ ಬಿಗಿ ಹಿಡಿದರು. ಕೊನೆಯ ಓವರಿನ ಮೊದಲ ಚೆಂಡನ್ನು ಡೇವಿಡ್ ಮಿಲ್ಲರ್ ಎತ್ತಿ ಹೊಡೆದಾಗ ಸೂರ್ಯಕುಮಾರ್ ಯಾದವ್ ಗೆರೆಯ ಅಂಚಿನಲ್ಲಿ ಹಿಡಿದು, ಆಚೆ ಕಾಲಿಡುವ ಮುನ್ನ ಚೆಂಡನ್ನು ಮೇಲೆಸೆದು, ಮತ್ತೆ ಒಳಬಂದು ಹಿಡಿದರು. ಏಳು ರನ್ನಿನ ಗೆಲುವು. ವಿರಾಟ್ ಕೊಹ್ಲಿ ಕಪ್ ತಂದು ದ್ರಾವಿಡರ ಕೈಗಿಟ್ಟಾಗ, ಮೂರು ದಶಕ ಮೌನಿಯೆಂದೇ ಹೆಸರಾಗಿದ್ದ ಆ ಮನುಷ್ಯ ಅದನ್ನು ಎತ್ತಿ ಹಿಡಿದು ಬಾಯಿ ತೆರೆದು ಕೂಗಿದರು.

ಆ ಸಂಭ್ರಮದಲ್ಲಿ ಕರಾವಳಿಯವರು ಗುರುತಿಸಬೇಕಾದ ಮುಖ ಇನ್ನೊಂದಿತ್ತು: ಕುಮಟಾ ಕಡೆಯ ರಾಘವೇಂದ್ರ. ನೆಟ್ಸ್‌ನಲ್ಲಿ ದಿನವೂ ವೇಗದ ಥ್ರೋಡೌನ್ ಎಸೆದು ಬ್ಯಾಟುಗಾರರನ್ನು ಅಣಿಗೊಳಿಸುವುದು ಅವರ ಕೆಲಸ. ಈ ಸಲವೂ ದ್ರಾವಿಡ್ ತಮ್ಮ ಪಾಲಿನ 5 ಕೋಟಿಯನ್ನು ಇತರ ತರಬೇತುದಾರರಷ್ಟೇ ಎರಡೂವರೆ ಕೋಟಿಗೆ ಇಳಿಸಿಕೊಂಡರೆಂದು ವರದಿಯಾಯಿತು.

ಕಥೆ ಅಲ್ಲಿಗೆ ನಿಂತಿದ್ದರೆ ಚೆಂದವಿತ್ತು ಎನ್ನುವವರಿದ್ದಾರೆ. ಅದು ನಿಲ್ಲಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಅವರು ರಾಜಸ್ಥಾನ್ ರಾಯಲ್ಸ್ ತಂಡದ ಮುಖ್ಯ ತರಬೇತುದಾರರಾದರು. ಆ ತಿರುಗಾಟ ಕೈಗೂಡಲಿಲ್ಲ. 2025ರ ಐಪಿಎಲ್‌ನಲ್ಲಿ 14 ಪಂದ್ಯಗಳಿಗೆ 4 ಗೆಲುವು, ಹತ್ತು ತಂಡಗಳಲ್ಲಿ ಒಂಬತ್ತನೆಯ ಸ್ಥಾನ. ಆಗಸ್ಟ್ 30ರಂದು ಅವರು ಹೊರಟರು. ಬೇರೊಂದು ವಿಸ್ತಾರವಾದ ಹುದ್ದೆ ಕೊಡಮಾಡಿದ್ದೆವು, ಅವರು ಒಪ್ಪಲಿಲ್ಲ ಎಂದು ತಂಡ ತಿಳಿಸಿತು.

ಆ ಸೀಸನ್ನಿಗೆ ಅವರು ಬಂದದ್ದೇ ಕಾಲಿಗೆ ಪೆಟ್ಟಾಗಿ. ಬೆಂಗಳೂರಿನಲ್ಲಿ ಕ್ಲಬ್ ಕ್ರಿಕೆಟ್ ಆಡುವಾಗ ಆದ ಗಾಯ. ಊರುಗೋಲು ಹಿಡಿದೇ ನೆಟ್ಸ್‌ಗೆ ಬರುತ್ತಿದ್ದರು, ಪಂದ್ಯದ ಹೊತ್ತು ಗಾಲಿಕುರ್ಚಿ. ಏಪ್ರಿಲ್ 28ರ ರಾತ್ರಿ ಜೈಪುರದಲ್ಲಿ ಗುಜರಾತ್ ಟೈಟನ್ಸ್ ವಿರುದ್ಧ ಬಿಹಾರದ 14 ವರ್ಷದ ವೈಭವ್ ಸೂರ್ಯವಂಶಿ ಬ್ಯಾಟ್ ಹಿಡಿದ. ಹದಿಮೂರರ ಪ್ರಾಯದಲ್ಲೇ ಹರಾಜಿನಲ್ಲಿ 1.1 ಕೋಟಿಗೆ ತಂಡ ಸೇರಿದವನು, ಐಪಿಎಲ್‌ನ ತನ್ನ ಮೊದಲ ಚೆಂಡನ್ನೇ ಸಿಕ್ಸರ್‌ಗೆ ಅಟ್ಟಿದವನು. ಆ ರಾತ್ರಿ 35 ಚೆಂಡಿಗೆ ಶತಕ ಮುಟ್ಟಿದ. ಗೆರೆಯಾಚೆ ಕುಳಿತಿದ್ದ ದ್ರಾವಿಡ್ ಕಾಲಿನ ನೋವು ಮರೆತು ಗಾಲಿಕುರ್ಚಿಯಿಂದ ಎದ್ದು ನಿಂತು, ಎರಡೂ ಕೈ ಮೇಲೆತ್ತಿದರು.